ದಿನಕ್ಕೆ 16 ಗಂಟೆಯೇ?

ವಾಣಿ ಅತ್ತೆ (ಫಾರ್ವರ್ಡ್): ಭೂಮಿ ಜೋರಾಗಿ ತಿರುಗುತ್ತಿದೆ! ದಿನಕ್ಕೆ ಈಗ 24 ಗಂಟೆ ಇಲ್ಲ, ಬರೀ 16 ಗಂಟೆ! ಎಲ್ಲರಿಗೂ ಕಳಿಸಿ.

ವಾಣಿ ಅತ್ತೆ: ನಾನು ಹೇಳುತ್ತಿರಲಿಲ್ವಾ, ಬೆಳಗಾಯಿತು ಅನ್ನುವಷ್ಟರಲ್ಲಿ ಕತ್ತಲಾಗುತ್ತದೆ ಅಂತ.

ರಘು: ಅತ್ತೆ, ಇದನ್ನು ಅಳೆದವರು ಯಾರು? ಎಲ್ಲಿಂದ ಬಂತು?

ದೊಡ್ಡಪ್ಪ: ನಾವು ಬೇಗ ಏಳುತ್ತಿದ್ದೆವು. ನಮಗೆ ದಿನ ಸಾಕಾಗುತ್ತಿತ್ತು. ಈಗಿನವರು ರಾತ್ರಿಯೆಲ್ಲಾ ಮೊಬೈಲ್ ನೋಡಿದರೆ ಇನ್ನೇನಾಗುತ್ತದೆ?

ರಘು: ಅದಕ್ಕೂ ಭೂಮಿಗೂ ಏನು ಸಂಬಂಧ ದೊಡ್ಡಪ್ಪ?

ವಾಣಿ ಅತ್ತೆ: ನಾನು ಏನು ಹಾಕಿದರೂ ಇವನದು ಇದೇ. ಗ್ರಹಣದ ದಿನವೂ ಎಲ್ಲರೆದುರು ತಪ್ಪು ಹಿಡಿದ.

ರಘು: ತಪ್ಪಿತ್ತು, ಹಿಡಿದೆ.

ಸುಮಾ: ಅತ್ತೆ, 16 ಗಂಟೆ ಸುಳ್ಳು. ಆದರೆ ವೇಗ ಒಂಚೂರು ಬದಲಾಗುವುದು ನಿಜ. 2022ರ ಜೂನ್ 29ರ ದಿನ 24 ಗಂಟೆಗಿಂತ 1.59 ಮಿಲಿಸೆಕೆಂಡ್ ಕಡಿಮೆ ಇತ್ತು. ಪರಮಾಣು ಗಡಿಯಾರ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಮಂಜುಗಡ್ಡೆ ಮೇಲೆ ಗಿರ್ರನೆ ಸುತ್ತುವ ಸ್ಕೇಟರ್ ಚಾಚಿದ ಕೈ ಎದೆಗೆ ತಂದುಕೊಂಡರೆ ಇನ್ನೂ ಜೋರಾಗಿ ಸುತ್ತುತ್ತಾಳೆ ಅಲ್ವಾ? ತೂಕ ಅಷ್ಟೇ ಇದೆ, ಆದರೆ ನಡುವಿಗೆ ಹತ್ತಿರ ಬಂತು. ಹೊರಗಿನಿಂದ ಯಾರೂ ತಿರುಚದಿದ್ದರೆ ಕೋನೀಯ ಸಂವೇಗ, ಅಂದರೆ ತೂಕ, ನಡುವಿನಿಂದ ಅದರ ದೂರ, ಸುತ್ತುವ ವೇಗ ಎಲ್ಲಾ ಸೇರಿದ ತಿರುಗಾಟದ ಮೊತ್ತ, ಬದಲಾಗುವುದಿಲ್ಲ, ಅದಕ್ಕೇ ವೇಗ ಏರಲೇಬೇಕು. ಭೂಮಿಗೂ ಇದೇ ಲೆಕ್ಕ. 2004ರ ಸುಮಾತ್ರಾ ಭೂಕಂಪದಲ್ಲಿ ಭೂಮಿಯ ತೂಕ ಒಂಚೂರು ನಡುವಿಗೆ ಹತ್ತಿರ ಬಂದು ದಿನ 2.68 ಮೈಕ್ರೋಸೆಕೆಂಡ್ ಕಡಿಮೆಯಾಗಿರಬೇಕು ಎಂದು ನಾಸಾ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ನನಗೆ ಇದು ಆ 16 ಗಂಟೆಗಿಂತ ದೊಡ್ಡ ಬೆರಗು.

ರಘು: ನಾನೂ ಅದನ್ನೇ ಹೇಳಿದ್ದು.

ವಾಣಿ ಅತ್ತೆ: ನೀನೆಲ್ಲಿ ಹೇಳಿದೆ? ಹೇಳಿದ್ದು ಸುಮಾ. ಭೂಮಿ ಜೋರಾಗಿದೆ ಅಂತ ಅವಳೇ ಒಪ್ಪಿದಳಲ್ಲ.

ಸುಮಾ: ಇಲ್ಲ ಅತ್ತೆ, ಸಾವಿರಾರು ವರ್ಷದ ಲೆಕ್ಕದಲ್ಲಿ ಭೂಮಿ ನಿಧಾನವೇ ಆಗುತ್ತಿದೆ. ಸಮುದ್ರದ ಉಬ್ಬರದ ಮೂಲಕ ಅದರ ತಿರುಗಾಟ ಸ್ವಲ್ಪ ಸ್ವಲ್ಪವೇ ಚಂದ್ರನಿಗೆ ಹೋಗುತ್ತಿದೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುವುದು ಅದಕ್ಕೇ.

ಕಿರಣ: ತಿರುಗಾಟ ಅಂದಾಗ ಬುಗುರಿ ನೆನಪಾಯ್ತು! ನನ್ನ ಕೆಂಪು ಬುಗುರಿ. ಎಷ್ಟು ಹೊತ್ತು ನಿಂತಲ್ಲೇ ಗುಂಯ್ ಅನ್ನುತ್ತಿತ್ತು! ರಘು ಗುನ್ನ ಹೊಡೆದು ಒಡೆದುಬಿಟ್ಟ.

ರಘು: ಅದು ಮೊದಲೇ ಸೀಳಿತ್ತು.

ದೊಡ್ಡಪ್ಪ: ಸೀಳಿರಲಿಲ್ಲ. ನಾನೇ ನೋಡಿದ್ದೆ.

ವಾಣಿ ಅತ್ತೆ: ಹೋಗಲಿ, ಅವತ್ತೂ ಒಪ್ಪಿಕೊಳ್ಳಲಿಲ್ಲ.

ದೊಡ್ಡಪ್ಪ: ಸುಮಾ, ಬದಲಾಗುವುದಿಲ್ಲ ಅಂದೆ. ಬುಗುರಿ ಕೊನೆಗೆ ವಾಲಿ ಬಿದ್ದು ನಿಲ್ಲುತ್ತದಲ್ಲ? ಅದರ ತಿರುಗಾಟ ಎಲ್ಲಿಗೆ ಹೋಯಿತು?

ಸುಮಾ: ನೆಲಕ್ಕೆ ದೊಡ್ಡಪ್ಪ! ಮೊಳೆ ಉಜ್ಜಿ ಉಜ್ಜಿ ಅದೆಲ್ಲಾ ಭೂಮಿಗೇ ಸೇರುತ್ತದೆ. ಚಾಟಿ ಎಳೆದು ಬಿಡುವಾಗ ನಮ್ಮ ಕಾಲು ಭೂಮಿಯನ್ನು ಅಷ್ಟೇ ಎದುರು ದಿಕ್ಕಿಗೆ ತಿರುಗಿಸಿರುತ್ತದೆ. ಬುಗುರಿ ನಿಂತಾಗ ಲೆಕ್ಕ ಚುಕ್ತಾ.

ದೊಡ್ಡಪ್ಪ: ಇಷ್ಟು ವರ್ಷ ಬುಗುರಿ ಆಡಿಸಿದೆ, ಇದು ಹೊಳೆದಿರಲಿಲ್ಲ.

ರಘು: ದೊಡ್ಡಪ್ಪ, ನೀವು ನೋಡಿದ್ದರೆ ಅವತ್ತೇ ಯಾಕೆ ಹೇಳಲಿಲ್ಲ?