ಬಣ್ಣ ಬಳಿದ ವೀರಗಲ್ಲು ಸರಿಪಡಿಸಿದವರು ಯಾರಾದ್ರೂ ಇದ್ದೀರಾ?

ಕೆರೆಕೋಡಿ: ನಮ್ಮದು ದೇವನಹಳ್ಳಿ ಕಡೆ ಹಳ್ಳಿ. ಕೆರೆ ಏರಿ ಕೆಳಗೆ ಮೂರು ಹಂತದ ವೀರಗಲ್ಲು ಇದೆ. ಕೆಳಗಿನ ಹಂತ ಪೂರ್ತಿ ಮಣ್ಣಲ್ಲಿ ಹೂತಿದೆ. ಮೇಲೆ ಯಾರೋ ನೀಲಿ ಆಯಿಲ್ ಪೇಂಟ್ ಬಳಿದಿದ್ದಾರೆ. ಹುಡುಗರೆಲ್ಲ ಸೇರಿ ಕ್ಲೀನ್ ಮಾಡಿ, ಸುತ್ತ ಚಿಕ್ಕ ತೋಟ ಮಾಡೋಣ ಅಂತ ಹೊರಟಿದ್ದೇವೆ. ಚಂದಾ 40,000 ರೂಪಾಯಿ ಆಗಿದೆ. ಕಲ್ಲನ್ನು ಎತ್ತಿ ನಿಲ್ಲಿಸಬೇಕಾ, ಇದ್ದಲ್ಲೇ ಬಿಡಬೇಕಾ? ಪೇಂಟ್ ತೆಗೆಯುವುದು ಹೇಗೆ? ಮಾಡಿದವರು ಹೇಳಿ.

ಮಾಲೂರಿನವ: 40,000 ಎಲ್ಲಿಗೂ ಸಾಲದು. ನಮ್ಮ ಲೆಕ್ಕ ಕೇಳಿ. ಕಲ್ಲು ಆರಡಿ ಎತ್ತರ, ಮೂರಡಿ ಅಗಲ, ಒಂದಡಿ ದಪ್ಪ. ಗ್ರಾನೈಟ್ ಘನ ಅಡಿಗೆ 75 ಕಿಲೋ ಹಿಡಿದರೂ 1,350 ಕಿಲೋ ಆಯ್ತು. ಜೆಸಿಬಿಗೆ ಗಂಟೆಗೆ 1,200, ಬಂದು ಹೋಗುವುದಕ್ಕೆ ಬೇರೆ 1,500. ಆ ಪುಣ್ಯಾತ್ಮ ಡ್ರೈವರ್ ಕಬ್ಬಿಣದ ಸರಪಳಿಯನ್ನೇ ಕಲ್ಲಿಗೆ ಸುತ್ತಿ ಎಳೆದ. ಮೇಲಿನ ಮೂಲೆ ಚಕ್ಕೆ ಎದ್ದು ಹೋಯಿತು. ಹೋಗಿದ್ದು ಚಂದ್ರ! ಸೂರ್ಯ ಚಂದ್ರ ಇರುವವರೆಗೂ ಹೆಸರು ಉಳಿಯಲಿ ಅಂತ ಕೆತ್ತಿದ್ದು ಅದು. ಅವನನ್ನು ಬೈದು ಕಳಿಸಿ, ಮೂರುಕಾಲಿನ ಸ್ಟ್ಯಾಂಡು, ಚೈನ್ ಪುಲ್ಲಿ, ನೈಲಾನ್ ಬೆಲ್ಟು ಬಾಡಿಗೆಗೆ ತಂದೆವು. ಬೆಲ್ಟಿನ ಕೆಳಗೆ ಗೋಣಿಚೀಲ. ಬಾಡಿಗೆ, ಕೂಲಿ ಸೇರಿ 18,000. ಗುಂಡಿಗೆ ಸೈಜುಗಲ್ಲು, ಜಲ್ಲಿ, ಮರಳು 11,000. ಊಟದ ಖರ್ಚು ಕೇಳಲೇಬೇಡಿ. ಆದರೂ ಎತ್ತಿದ್ದು ಸರಿ. ಕೆಳಗಿನ ಹಂತದಲ್ಲಿ ಬಿಲ್ಲು ಹಿಡಿದ ವೀರ, ಅವನ ಹಿಂದೆ ದನಗಳ ಸಾಲು. ತುರುಗೋಳಿನಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಸತ್ತವನ ಕಲ್ಲು ಅಂತ ಆಗಲೇ ಗೊತ್ತಾಗಿದ್ದು.

ಹಳೇಕಲ್ಲು: ಚಂದ್ರನನ್ನು ಕಳೆದು "ಎತ್ತಿದ್ದು ಸರಿ" ಅಂತೀರಲ್ಲ ಸ್ವಾಮಿ! ನಾವು ಎತ್ತಲಿಲ್ಲ. ಸುತ್ತಲ ಮಣ್ಣನ್ನು ಕೈಯಲ್ಲೇ ಬಿಡಿಸಿ, ನೀರು ನಿಲ್ಲದ ಹಾಗೆ ಕಾಲುವೆ ಮಾಡಿದೆವು. ಅದಕ್ಕೇ ಪಾಡು ಸಾಕಾಯಿತು. ನಿಧಿ ತೆಗೆಯುತ್ತಿದ್ದಾರೆ ಅಂತ ಯಾರೋ ಫೋನ್ ಮಾಡಿ, ನಮ್ಮನ್ನು ಸಂಜೆವರೆಗೆ ಸ್ಟೇಷನ್ನಿನಲ್ಲಿ ಕೂರಿಸಿದರು. ಪಂಚಾಯಿತಿ ಪತ್ರ ಜೇಬಿನಲ್ಲೇ ಇತ್ತು, ಓದುವವರಿಲ್ಲ.

ಪೇಂಟ್ ವಿಷಯ. ಒಬ್ಬ ಕಂಟ್ರಾಕ್ಟರ್ ಬಂದು ಸ್ಯಾಂಡ್ ಬ್ಲಾಸ್ಟಿಂಗ್ (ಮಷಿನ್ನಿನಲ್ಲಿ ರಭಸವಾಗಿ ಮರಳು ಹೊಡೆಯುವುದು), ಒಂದೇ ದಿನ, 9,000 ಅಂದ. ಪಕ್ಕದೂರಲ್ಲಿ ಅವನೇ ಮಾಡಿದ್ದನ್ನು ಹೋಗಿ ನೋಡಿದೆ. ವೀರನನ್ನು ಹೊತ್ತೊಯ್ಯುವ ಅಪ್ಸರೆಯರ ಮುಖ ಸವೆದ ಸೋಪಿನ ಹಾಗಾಗಿದೆ. ಕೈಮುಗಿದು ವಾಪಸ್ ಕಳಿಸಿದೆ. ಜೆಲ್ ರಿಮೂವರ್ ಹಚ್ಚಿ, ಪ್ಲಾಸ್ಟಿಕ್ ಹೊದಿಸಿ, ಮೆತ್ತಗಾದ ಮೇಲೆ ಬಿದಿರು ಕಡ್ಡಿಯಲ್ಲಿ ಎಬ್ಬಿಸಬೇಕು. ಆಮೇಲೆ ನೈಲಾನ್ ಬ್ರಷ್, ಬರೀ ನೀರು. ಅಂಗೈ ಅಗಲಕ್ಕೆ ಒಂದು ಮಧ್ಯಾಹ್ನ ಬೇಕು. ನೀಲಿ ಕೆಳಗೆ ಹಸಿರು, ಹಸಿರಿನ ಕೆಳಗೆ ಅಲ್ಯೂಮಿನಿಯಂ ಪೇಂಟು, ಅದರ ಕೆಳಗೆ ಸುಣ್ಣ! ಲೀಟರಿಗೆ 480ರಂತೆ 12 ಲೀಟರ್ ಹೀರಿತು. ಕೈಗವಸು ಹಾಕದ ಹುಡುಗನ ಬೆರಳು ಸುಟ್ಟು, ಅವರಮ್ಮ ನನ್ನ ಜೊತೆ ಇವತ್ತಿಗೂ ಮಾತಾಡಲ್ಲ.

ಮಾಲೂರಿನವ: ಎಲ್ಲ ಕಲ್ಲೂ ಇದ್ದಲ್ಲೇ ಇರಬೇಕು ಅಂದರೆ ಆತಕೂರಿನ ಕಲ್ಲಿಗೆ ಏನಂತೀರಿ? ಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನುವ ನಾಯಿಗೆ 10ನೇ ಶತಮಾನದಲ್ಲಿ ನಿಲ್ಲಿಸಿದ ಕಲ್ಲು. ಮದ್ದೂರು ಕಡೆಯಿಂದ ಬೆಂಗಳೂರಿನ ಮ್ಯೂಸಿಯಂಗೆ ಬಂತು. ನಾನೂ ನೀವೂ ನೋಡುತ್ತಿರುವುದು ಅದಕ್ಕೇ ಅಲ್ವಾ?

ಹಳೇಕಲ್ಲು: ಬೆಂಗಳೂರಿನ ಹೆಬ್ಬಾಳದಲ್ಲಿ ಕಿತ್ತಯ್ಯ ಅನ್ನುವ ವೀರನ ಕಲ್ಲು ನೋಡಿ ಬನ್ನಿ. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. 2018ರಲ್ಲಿ ಚರಂಡಿ ಕೆಲಸದಲ್ಲಿ ಮೇಲೆ ಬಂತು. ಹೆಬ್ಬಾಳದವರು ತಮ್ಮೂರಲ್ಲೇ ಉಳಿಸಿಕೊಂಡು ಮಂಟಪ ಕಟ್ಟಿದರು. ಯಾರೂ ಮ್ಯೂಸಿಯಂಗೆ ಸಾಗಿಸಲಿಲ್ಲ.

ಮಾಲೂರಿನವ: ಚರಂಡಿಯಿಂದ ಎತ್ತಿದರು ತಾನೇ? ಅದನ್ನೇ ನಾನು ಹೇಳಿದ್ದು.

ಕಣಗಿಲೆ: ನಿಮ್ಮ ಜಗಳ ಆಮೇಲೆ ಆಡಿ. ತೋಟದ ಬಗ್ಗೆ ಯಾರೂ ಹೇಳಲೇ ಇಲ್ಲ. ನಮ್ಮ ಮಹಿಳಾ ಸಂಘದ್ದು ಇನ್ನೂ ಸಾಲದಲ್ಲಿದೆ. ಮೊದಲು ಹಾಕಿಸಿದ್ದು ಲಾನ್. ಚದರಡಿಗೆ 35 ರೂಪಾಯಿ, 600 ಚದರಡಿ. ಜೊತೆಗೆ ಸ್ಪ್ರಿಂಕ್ಲರ್. ಬೇಸಿಗೆಯಲ್ಲಿ ವಾರಕ್ಕೆರಡು ಟ್ಯಾಂಕರ್, ಒಂದಕ್ಕೆ 700. ಆ ನೀರೆಲ್ಲ ಕಲ್ಲಿನ ಬುಡಕ್ಕೆ ಬಿದ್ದು, ಬೋರ್ ನೀರಿನ ಉಪ್ಪು ಮೊಣಕಾಲೆತ್ತರಕ್ಕೆ ಬಿಳೀ ಪಟ್ಟಿ ಕಟ್ಟಿತು. ಹುಲ್ಲು ಉಳಿಯಿತಾ ಅಂದರೆ ಅದೂ ಇಲ್ಲ, ಕುರಿ ಮೇಯ್ದವು. ದಾಸವಾಳ, ನಂದಿಬಟ್ಟಲು ಕೂಡ ಬೋಳು. ಕೊನೆಗೆ ಹಾಕಿದ್ದು ಕಣಗಿಲೆ. ಕುರಿ ಮೇಕೆ ಮೂಸಿಯೂ ನೋಡಲ್ಲ, ನೀರೂ ಜಾಸ್ತಿ ಕೇಳಲ್ಲ. ಕಲ್ಲಿಂದ ಮೂರಡಿ ದೂರ ಹಾಕಿ, ನಡುವೆ ಬರೀ ಜಲ್ಲಿ ಹರಡಿ. ಬಿರುಕಿನಲ್ಲಿ ಅರಳಿ ಸಸಿ ಕಂಡರೆ ಚಿಕ್ಕದಿರುವಾಗಲೇ ಕಿತ್ತುಬಿಡಿ. ನಮ್ಮಲ್ಲಿ ದೇವರ ಮರ ಅಂತ ಕೀಳಲು ಬಿಡಲಿಲ್ಲ.

ಕಟ್ಟೆ ಕಮಿಟಿ: ಮಕ್ಕಳು ಆಡುವ ಜಾಗದಲ್ಲಿ ಕಣಗಿಲೆನಾ? ಅದು ವಿಷ ತಾಯಿ!

ಕಣಗಿಲೆ: ಊರ ಎಲ್ಲ ದೇವಸ್ಥಾನದ ಮುಂದೂ ಕಣಗಿಲೆ ಇದೆ. ಅಲ್ಲಿ ಹೋಗಿ ಹೇಳಿ.

ಕಟ್ಟೆ ಕಮಿಟಿ: ಕೋಪ ಬೇಡ. ನಾವು ಗಿಡದ ತಂಟೆಗೇ ಹೋಗಲಿಲ್ಲ. ಸಿಮೆಂಟ್ ಕಟ್ಟೆ, ಮೇಲೆ ಪಾಲಿಶ್ ಟೈಲ್ಸ್, ಸ್ಟೀಲ್ ರೇಲಿಂಗ್, ತಗಡಿನ ಚಾವಣಿ. ಒಟ್ಟು 2,30,000. ಜನ ಫೋಟೋ ತೆಗೆಸಿಕೊಳ್ಳೋಕೆ ಬರುತ್ತಾರೆ. ಶನಿವಾರ ದೀಪ, ಎಣ್ಣೆ ಎಲ್ಲ ಇದೆ. ಯಾರಿಗೂ ತೊಂದರೆ ಆಗಿಲ್ಲ.

ಹಳೇಕಲ್ಲು: ಸಿಮೆಂಟಿನಲ್ಲಿ ಎಷ್ಟು ಸಾಲು ಶಾಸನ ಮುಚ್ಚಿದಿರಿ ಅಂತ ಹೇಳಲಿಲ್ಲ. ಓದಿಸಿದ್ದಿರಾ? ಶಾಸನಗಳನ್ನೆಲ್ಲ ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ 1905ರಲ್ಲೇ ಬಂದಿದೆ, ಬೆಂಗಳೂರು ಜಿಲ್ಲೆಯದ್ದು. ತಾಲ್ಲೂಕುವಾರು ಪಟ್ಟಿ ಇದೆ. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕರಣೆ ಹಿಡಿಯುವ ಮುಂಚೆ ಅವರಿಗೊಂದು ಫೋನ್ ಮಾಡಬೇಕಿತ್ತು.

ಕಟ್ಟೆ ಕಮಿಟಿ: ಓದಿದವರು ಓದುತ್ತಾ ಕೂತಿರಿ. ಮಳೆಯಲ್ಲಿ ನೆನೆಯುತ್ತಿದ್ದ ಕಲ್ಲಿಗೆ ನೆರಳು ಕೊಟ್ಟವರು ನಾವು. ಅಜ್ಜಿಯರಿಗೆ ಎಣ್ಣೆ ಹಚ್ಚಬೇಡಿ ಅಂತ ನೀವು ಬಂದು ಹೇಳಿ ನೋಡೋಣ.

ಮಾಲೂರಿನವ: ಅಜ್ಜಿಯರಿಗೆ ನಾವು ಮುಂದೆ ಒಂದು ಚಿಕ್ಕ ಕಲ್ಲು ಇಟ್ಟು, ಎಣ್ಣೆ ಕುಂಕುಮ ಅದಕ್ಕೆ ಹಚ್ಚಿ ಅಂದೆವು. ಹತ್ತಕ್ಕೆ ಏಳು ಜನ ಒಪ್ಪಿದರು. ಉಳಿದವರ ಹತ್ತಿರ ಮಾತಾಡುವ ಧೈರ್ಯ ನನಗಿಲ್ಲ. ಅಂದ ಹಾಗೆ ಕಮಿಟಿಯವರೇ, ದಾನಿಗಳ ಬೋರ್ಡು ವೀರನಿಗಿಂತ ದೊಡ್ಡದಿದೆ ಅಂತ ಕೇಳಿದೆ, ನಿಜವಾ?

ಕಟ್ಟೆ ಕಮಿಟಿ: ದುಡ್ಡು ಕೊಟ್ಟವರ ಹೆಸರು ಹಾಕದೆ ನಿಮ್ಮ ಹೆಸರು ಹಾಕಬೇಕಿತ್ತಾ? ಹಳೇಕಲ್ಲು ಅವರ ಜಾಗದಲ್ಲೂ ಒಂದು ಬೋರ್ಡಿದೆ. ಪಟ್ಟಿಯಲ್ಲಿ ಮೊದಲ ಹೆಸರೇ ಅವರದ್ದು.

ಹಳೇಕಲ್ಲು: ನಮ್ಮದು ತಗಡು, ಎರಡಡಿ ದೂರ ನೆಟ್ಟಿದ್ದೇವೆ. ಬೇಡ ಅಂದರೆ ನಾಳೆಯೇ ಕಿತ್ತು ಹಾಕಬಹುದು. ನೀವು ಡ್ರಿಲ್ ಹಾಕಿ ಕಲ್ಲಿಗೇ ಬೋಲ್ಟ್ ಬಿಗಿದಿದ್ದೀರಿ!

ಕಟ್ಟೆ ಕಮಿಟಿ: ಬಿಗಿದಿದ್ದು ಹಿಂದುಗಡೆ. ಮುಂದೆ ಅಲ್ಲ.