ಜಲಾನಯನದ ಕೆಲಸಕ್ಕೆ ಕಾರ್ಬನ್ ಹಣ: ಮಾಡಿ ನೋಡಿದವರು ಹೇಳಿ

ಪ್ರಶ್ನೆ: ನಮ್ಮ ಊರು ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟ ಕೆರೆಗೆ ನೀರು ಹರಿಸುವ ಅರ್ಕಾವತಿಯ ಮೇಲ್ಭಾಗದಲ್ಲಿದೆ. 38 ಕುಟುಂಬಗಳ 110 ಎಕರೆ ಹೊಲ, 30 ಎಕರೆ ಗೋಮಾಳ, ಹೂಳು ತುಂಬಿದ ಒಂದು ಕೆರೆ. ಬದು, ಇಂಗುಗುಂಡಿ, ಎರಡು ತಡೆಅಣೆ, ಕೆರೆಗೆ ಬರುವ ಕಾಲುವೆಯ ದುರಸ್ತಿ, ಬದುಗಳ ಮೇಲೆ ಮರ, ಇಷ್ಟು ನಮ್ಮ ಯೋಜನೆ. ಕಾರ್ಬನ್ ಕ್ರೆಡಿಟ್ ಮಾರಿ ಇದರ ಖರ್ಚನ್ನೆಲ್ಲ ಭರಿಸಬಹುದು ಎಂದು ಮಧ್ಯವರ್ತಿಯೊಬ್ಬರು 40 ವರ್ಷಗಳ ಒಪ್ಪಂದದ ಕರಡು ಕೊಟ್ಟು ಹೋಗಿದ್ದಾರೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ದೊಡ್ಡಬಳ್ಳಾಪುರದ ಕಡೆಯಿಂದ:

ಈಗಲೇ ಸಹಿ ಹಾಕಬೇಡಿ. ನಾನು ಹನ್ನೊಂದು ವರ್ಷ ಜಲಾನಯನದ ಕೆಲಸದಲ್ಲಿದ್ದವಳು. ಇಂಥದ್ದೇ ಕರಡಿಗೆ ಒಮ್ಮೆ ಜನರಿಂದ ಸಹಿ ಹಾಕಿಸಿದ್ದೇನೆ. ಅದಕ್ಕಾಗಿಯೇ ವಿಸ್ತಾರವಾಗಿ ಬರೆಯುತ್ತೇನೆ.

ನೀರು ಇಂಗಿಸಿದ್ದಕ್ಕೆ ಕಾರ್ಬನ್ ಕ್ರೆಡಿಟ್ ಬರುವುದಿಲ್ಲ. ಈ ಮಾತು ಮೊದಲು ಊರಿನವರಿಗೆಲ್ಲ ತಿಳಿಯಬೇಕು. ಹೂಳೆತ್ತಿ, ತಡೆಅಣೆ ಕಟ್ಟಿ, ಬತ್ತಿದ ಬಾವಿಯಲ್ಲಿ ನೀರು ಕಂಡರೂ ಆ ಲೆಕ್ಕದಲ್ಲಿ ಅದು ಸೊನ್ನೆ. ಒಂದು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರದಂತೆ ತಡೆದರೆ ಅಥವಾ ಗಾಳಿಯಿಂದ ಹೀರಿದರೆ ಒಂದು ಕ್ರೆಡಿಟ್. ತಮ್ಮ ಹೊಗೆಯ ಲೆಕ್ಕ ಸರಿದೂಗಿಸಲು ಕಂಪನಿಗಳು ಅದನ್ನು ಕೊಳ್ಳುತ್ತವೆ. ನಿಮ್ಮ ಯೋಜನೆಯಲ್ಲಿ ಆ ಕೆಲಸ ಮಾಡುವುದು ಮುಖ್ಯವಾಗಿ ಮರ. ಮಣ್ಣಿನಲ್ಲೂ ಸ್ವಲ್ಪ ಇಂಗಾಲ ಕೂಡುತ್ತದೆ, ಆದರೆ ಅಷ್ಟು ಸಣ್ಣ ಊರಿನಲ್ಲಿ ಅದನ್ನು ಅಳೆಯುವ ಖರ್ಚೇ ಭಾರ. ಒಣ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಒಂದು ಟನ್ ಇಂಗಾಲ 3.67 ಟನ್ ಡೈಆಕ್ಸೈಡಿಗೆ ಸಮ. ಅಂದರೆ ಬೇರು, ಬೊಡ್ಡೆ, ಕೊಂಬೆ ಎಲ್ಲ ಸೇರಿ ಸುಮಾರು 550 ಕಿಲೋ ಒಣ ತೂಕ ಬೆಳೆದಾಗ ಒಂದು ಕ್ರೆಡಿಟ್. ನಮ್ಮ ಕೆಂಪು ಮಣ್ಣಿನಲ್ಲಿ ಹೊಂಗೆ ಅಷ್ಟು ತೂಗಲು ಎಷ್ಟು ವರ್ಷ ಬೇಕೆಂದು ನಿಮ್ಮೂರಿನ ಹಿರಿಯರನ್ನೇ ಕೇಳಿ.

ನಿಮ್ಮ 140 ಎಕರೆ ಎಂದರೆ ಸುಮಾರು 57 ಹೆಕ್ಟೇರ್. ಹೆಕ್ಟೇರಿಗೆ ವರ್ಷಕ್ಕೆ 3 ಟನ್ ಎಂದು ಹಿಡಿಯಿರಿ, 170 ಕ್ರೆಡಿಟ್ ಆಯಿತು. ಒಂದಕ್ಕೆ 800 ರೂಪಾಯಿ ಸಿಕ್ಕಿತು ಎಂದುಕೊಂಡರೆ ವರ್ಷಕ್ಕೆ 1,36,000 ರೂಪಾಯಿ. ಇದರೊಳಗೇ ಮಧ್ಯವರ್ತಿಯ ಪಾಲು, ನೋಂದಣಿ ಶುಲ್ಕ, ಪರಿಶೀಲಕರ ಖರ್ಚು ಎಲ್ಲ ತೂಗಬೇಕು. ಬೆಂಕಿಯೋ ಬರವೋ ಬಂದು ಮರ ಸತ್ತರೆ ಎಂದು ಒಂದಷ್ಟು ಕ್ರೆಡಿಟ್ ಮಾರದೆ ಮೀಸಲಿಡಬೇಕು. ಹೊರಗಿನ ಪರಿಶೀಲಕರು ಒಮ್ಮೆ ಬಂದು ಹೋಗುವುದಕ್ಕೇ ಲಕ್ಷಗಳು ಬೇಕಾಗುತ್ತವೆ. ಒಂದೇ ಊರು ಈ ಭಾರ ಹೊರಲಾರದು. ಹತ್ತಿಪ್ಪತ್ತು ಊರುಗಳು ಒಂದೇ ಯೋಜನೆಯಡಿ ಸೇರಬೇಕು. ಅಲ್ಲದೆ ಮರ ಬೆಳೆದು, ಅಳೆದು, ಪರಿಶೀಲನೆ ಮುಗಿದ ಮೇಲೆ ಹಣ. ಮೇಸ್ತ್ರಿಗೆ ಕೂಲಿಯನ್ನು ಈ ವಾರವೇ ಕೊಡಬೇಕಲ್ಲ?

ನಮ್ಮಲ್ಲಿಗೆ ಬಂದ ಸಂಸ್ಥೆ ಸಸಿ ಕೊಟ್ಟು, ಗಿಡಕ್ಕೆ ಇಷ್ಟು ಎಂದು ಮಾತು ಕೊಟ್ಟಿತು. ಆ ವರ್ಷ ಮುಂಗಾರು ಕೈಕೊಟ್ಟಿತು. ಬೇಸಿಗೆಯಲ್ಲಿ ಸಸಿಗೆ ನೀರು ಹೊರುವ ಕೂಲಿ ಯಾರದು ಎಂದು ಒಪ್ಪಂದದಲ್ಲಿ ಬರೆದಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಸಸಿಗಳು ಒಣಗಿದವು, ಸಂಸ್ಥೆಯವರು ಬರುವುದನ್ನೇ ಬಿಟ್ಟರು. ಮನೆಮನೆಗೆ ಹೋಗಿ ಸಹಿ ಹಾಕಿಸಿದವಳು ನಾನು. ಒಬ್ಬ ಅಜ್ಜಿ ಎದುರಾದಾಗಲೆಲ್ಲ ‘ಗಾಳಿಯ ದುಡ್ಡು ಬಂತೇನಮ್ಮ?’ ಎಂದು ಕೇಳುತ್ತಿದ್ದರು. ಮುಂದಿನ ವರ್ಷ ಅದೇ ಊರಿನಲ್ಲಿ ಬದು ಹಾಕಿಸುವ ಸಭೆ ಕರೆದರೆ ಏಳು ಮಂದಿ ಬಂದರು. ಹಿಂದೆಲ್ಲ ಅರಳಿಕಟ್ಟೆಯ ಸುತ್ತ ನಿಲ್ಲಲು ಜಾಗವಿರುತ್ತಿರಲಿಲ್ಲ.

ಕರಡಿನಲ್ಲಿ ಮರ ಕಡಿಯುವ ಷರತ್ತನ್ನು ಎರಡು ಸಲ ಓದಿ. ಬದುವಿನ ಸಿಲ್ವರ್ ಓಕ್, ತೇಗ ಎಂದರೆ ಮಗಳ ಮದುವೆಗೋ ಆಸ್ಪತ್ರೆಗೋ ಇಟ್ಟುಕೊಂಡ ಠೇವಣಿ. 40 ವರ್ಷ ಕೊಡಲಿ ಮುಟ್ಟಬಾರದು ಎಂದರೆ ಆ ಠೇವಣಿಗೆ ಬೀಗ ಬಿದ್ದ ಹಾಗೆ. ಹೊಲ ಮಾರಿದರೆ ಕೊಂಡವನಿಗೂ ಷರತ್ತು ಅಂಟುತ್ತದೆಯೇ? 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಕಡೆ ಹೊಲಗಳು ಹೇಗೆ ಕೈಬದಲಾಗಿವೆ ಎಂಬುದು ನಿಮಗೂ ಗೊತ್ತಿದೆ.

ಬಾಗೇಪಲ್ಲಿಯವನು, ಈಗ ಯಲಹಂಕದಲ್ಲಿದ್ದೇನೆ:

ಮೇಲಿನವರ ನೋವು ಅರ್ಥವಾಗುತ್ತದೆ, ಆದರೆ ಹಣ ತಡವಾಗಿಯೇ ಬರುತ್ತದೆ ಎಂಬುದನ್ನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಕಡೆಯ ಕೂಲಿ ಸಂಘದ ಬಯೋಗ್ಯಾಸ್ ಯೋಜನೆ 2005ರಲ್ಲಿ ವಿಶ್ವಸಂಸ್ಥೆಯ ಕ್ಯೋಟೋ ಒಪ್ಪಂದದ ಕಾರ್ಬನ್ ಕ್ರೆಡಿಟ್ ವ್ಯವಸ್ಥೆಯಡಿ ನೋಂದಣಿಯಾಯಿತು. 5,500 ಮನೆಗಳಿಗೆ ಎರಡು ಘನ ಮೀಟರಿನ ಸ್ಥಾವರಗಳು. ಕ್ರೆಡಿಟ್ ಕೊಳ್ಳುವವರಿಂದ ಮುಂಗಡ ಪಡೆದು ಕಟ್ಟಿದರು. ಸೌದೆ, ಸೀಮೆಎಣ್ಣೆ ಉಳಿಯಿತು, ಉಳಿದದ್ದೇ ಕ್ರೆಡಿಟ್. ನಮ್ಮ ಅತ್ತಿಗೆ ಸೌದೆಗಾಗಿ ಗುಡ್ಡ ಹತ್ತುವುದು ನಿಂತಿತು. ಜಲಾನಯನಕ್ಕೆ ಇದರ ನಂಟು ಇಲ್ಲೇ ಇದೆ: ಗುಡ್ಡದ ಕುರುಚಲು ಉಳಿದರೆ ಮಣ್ಣು ಕೊಚ್ಚಿಹೋಗುವುದು ಕಡಿಮೆಯಾಗುತ್ತದೆ, ಕೆರೆಗೆ ಹೂಳು ಬರುವುದೂ ಕಡಿಮೆ. ನಿಮ್ಮೂರಿನಲ್ಲಿ ಈಗಲೂ ಎಷ್ಟು ಮನೆ ಸೌದೆ ಉರಿಸುತ್ತವೆ ಎಂದು ಎಣಿಸಿ ನೋಡಿ. ಆದರೆ ಅಲ್ಲಿ ವರ್ಷಗಟ್ಟಲೆ ಜತೆಯಾಗಿ ನಡೆದ ಸಂಘ ಮೊದಲಿತ್ತು, ಕ್ರೆಡಿಟ್ ಆಮೇಲೆ ಬಂತು. ಅದನ್ನು ಮರೆಯಬೇಡಿ.

ಮಲ್ಲೇಶ್ವರದಿಂದ, ಇಂಗಾಲದ ಲೆಕ್ಕ ಪರಿಶೀಲನೆಯಲ್ಲಿ ಕೆಲಸ ಮಾಡುತ್ತೇನೆ:

ಕಾರ್ಬನ್ ಹಣ ಇಲ್ಲದಿದ್ದರೂ ಆಗುತ್ತಿದ್ದ ಕೆಲಸಕ್ಕೆ ಕ್ರೆಡಿಟ್ ಸಿಗದು. ಸರ್ಕಾರಿ ಯೋಜನೆಯಲ್ಲಿ ನೆಟ್ಟ ಸಸಿಯನ್ನು ಇಲ್ಲಿ ಎಣಿಸಿದರೆ ಪರಿಶೀಲನೆಯಲ್ಲಿ ಬಿದ್ದುಹೋಗುತ್ತದೆ. ಹಾಗಾಗಿ ಮಣ್ಣು, ನೀರಿನ ಕೆಲಸದ ಖಾತೆ ಬೇರೆ ಇರಲಿ, ಮರದ್ದು ಬೇರೆ ಇರಲಿ. ಸಸಿ ನೆಡುವ ಮೊದಲೇ ಪ್ರತಿ ಹೊಲದ ಫೋಟೊವನ್ನು ಮೊಬೈಲಿನಲ್ಲಿ ದಿನಾಂಕ, ಸ್ಥಳದ ಗುರುತಿನೊಂದಿಗೆ ತೆಗೆದಿಡಿ. ಗೋಮಾಳ ಕಂದಾಯ ಇಲಾಖೆಯದು. ಅದರ ಕ್ರೆಡಿಟ್ ಮಾರುವ ಹಕ್ಕನ್ನು ಊರಿನವರು ಬರೆದುಕೊಡಲಾಗದು. ಮಧ್ಯವರ್ತಿ ಇದನ್ನೂ ಕರಡಿನಲ್ಲಿ ಸೇರಿಸಿದ್ದರೆ ಅಲ್ಲೇ ಅನುಮಾನಿಸಿ. ಅವರ ಹಿಂದಿನ ಯೋಜನೆಯ ನೋಂದಣಿ ಸಂಖ್ಯೆ ಕೇಳಿ. ಕ್ರೆಡಿಟ್ ಯೋಜನೆಗಳನ್ನು ನೋಂದಾಯಿಸುವ ಸಂಸ್ಥೆಗಳಾದ ವೆರಾ, ಗೋಲ್ಡ್ ಸ್ಟ್ಯಾಂಡರ್ಡ್ ಎರಡರ ದಾಖಲೆಗಳೂ ಯಾರು ಬೇಕಾದರೂ ನೋಡಬಹುದಾದವು. ಸಣ್ಣ ರೈತರನ್ನೇ ಮನಸ್ಸಿನಲ್ಲಿಟ್ಟ ಪ್ಲಾನ್ ವಿವೊ ಎಂಬ ಮಾನದಂಡವೂ ಇದೆ. ಭಾರತ ಸರ್ಕಾರ 2023ರಲ್ಲಿ ಸ್ವಂತ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯನ್ನು ಅಧಿಸೂಚಿಸಿದೆ. ಅದರ ನಿಯಮಗಳ ಮೇಲೂ ಕಣ್ಣಿರಲಿ.

ಹೆಸರಘಟ್ಟದ ರೈತ:

ಯಾವ ಮರ ಎಂದು ಯಾರೂ ಕೇಳಲಿಲ್ಲ. ಬೇಗ ಬೆಳೆಯುವ ಮರಕ್ಕೆ ಬೇಗ ಕ್ರೆಡಿಟ್, ಆದರೆ ಅದು ನೀರನ್ನೂ ಹಾಗೆಯೇ ಕುಡಿಯುತ್ತದೆ. ನಮ್ಮ ಸುತ್ತ ನೀಲಗಿರಿ ತೋಪುಗಳು ಎದ್ದ ಮೇಲೆ ಹಳ್ಳ ಹೇಗಾಯಿತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವಷ್ಟಕ್ಕೆ ಹೋಯಿತು. ನೀರಿಗಾಗಿ ಶುರು ಮಾಡಿದ ಕೆಲಸ ನೀರನ್ನೇ ತಿನ್ನಬಾರದು. ಹೊಂಗೆ, ಹುಣಸೆ, ನೇರಳೆ, ಹಲಸು ಎಂದು ಜಾತಿಯ ಹೆಸರು ಹಿಡಿದು ಒಪ್ಪಂದದಲ್ಲಿ ಬರೆಸಿ.

ತಡೆಅಣೆಯ ಹಣಕ್ಕೆ ನಗರದ ಕಂಪನಿಗಳನ್ನು ಕೇಳಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಕೊಟ್ಟದ್ದು ನಮ್ಮ ಈ ಕೆರೆ. ಆ ಋಣದ ಮಾತನ್ನು ಸಂಕೋಚವಿಲ್ಲದೆ ಅವರ ಮುಂದೆ ಇಡಿ.

ಪ್ರಶ್ನೆ ಕೇಳಿದವನು:

ಎಲ್ಲರಿಗೂ ವಂದನೆಗಳು. ಕರಡನ್ನು ಮತ್ತೆ ಓದಿದೆ. ಗೋಮಾಳದ 30 ಎಕರೆ ಅದರಲ್ಲಿ ಸೇರಿದೆ, ಸಸಿಗೆ ನೀರು ಹೊರುವ ಕೂಲಿ ಎಲ್ಲಿಯೂ ಇಲ್ಲ. ಭಾನುವಾರ ಊರಿನ ಸಭೆಯಲ್ಲಿ ಎರಡನ್ನೂ ಜೋರಾಗಿ ಓದಿಸುತ್ತೇನೆ. ಮೊದಲು ಕಾಲುವೆ ಮತ್ತು ಒಂದು ತಡೆಅಣೆ, ಅದಕ್ಕೆ ಬೇರೆ ಹಣ ಹುಡುಕುತ್ತೇವೆ. ಪಕ್ಕದ ನಾಲ್ಕು ಊರುಗಳೊಂದಿಗೆ ಮರದ ಮಾತು ಶುರು ಮಾಡುತ್ತೇವೆ. ಇನ್ನೊಂದು ತೊಡಕಿದೆ: 38ರಲ್ಲಿ 14 ಕುಟುಂಬಗಳ ಪಹಣಿ ಈಗಲೂ ತೀರಿಹೋದ ತಾತಂದಿರ ಹೆಸರಿನಲ್ಲಿದೆ. ಇಂಥ ಹೊಲಗಳನ್ನು ಸೇರಿಸಿಕೊಂಡ ಅನುಭವ ಯಾರಿಗಾದರೂ ಇದ್ದರೆ, ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗುವವರೆಗೆ ಕಾಯಬೇಕೇ ಎಂಬುದನ್ನು ತಿಳಿಸಿ.