ಆ್ಯಂಟಿಬಯಾಟಿಕ್ ಮುಗಿದ ಮೇಲೆ ಹೊಟ್ಟೆ ಸರಿಹೋಗಿಲ್ಲ, ಪ್ರೋಬಯಾಟಿಕ್ ಕ್ಯಾಪ್ಸೂಲ್ ಬೇಕಾ?

ಹಾಸನದವಳು:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಹಲ್ಲಿನ ಇನ್ಫೆಕ್ಷನ್‌ಗೆ ಆ್ಯಂಟಿಬಯಾಟಿಕ್ ಕೋರ್ಸ್ ಮುಗಿಸಿದೆ. ಹಲ್ಲು ಸರಿಹೋಯಿತು, ಹೊಟ್ಟೆ ಮಾತ್ರ ಇನ್ನೂ ದಾರಿಗೆ ಬಂದಿಲ್ಲ. ಊಟ ಆದ ಮೇಲೆ ಉಬ್ಬರ, ಒಂದು ದಿನ ಮಲಬದ್ಧತೆ ಆದರೆ ಮಾರನೇ ದಿನ ಸಡಿಲ. ಡಾಕ್ಟರ್ ಪರೀಕ್ಷೆ ಎಲ್ಲಾ ಮಾಡಿಸಿದರು, ಏನೂ ಇಲ್ಲ, ನಿಧಾನಕ್ಕೆ ಸರಿಹೋಗುತ್ತದೆ ಎಂದರು. ಮೆಡಿಕಲ್ ಶಾಪ್‌ನವರು ಪ್ರೋಬಯಾಟಿಕ್, ಅಂದರೆ ಒಳ್ಳೆಯ ಜೀವಂತ ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲ್ ತಗೊಳ್ಳಿ ಅನ್ನುತ್ತಾರೆ, ಗೆಳತಿ ಕರುಳಿಗೆ ಒಳ್ಳೆಯದು ಅಂತ ಯಾವುದೋ ಗಟ್ ಪೌಡರ್ ಲಿಂಕ್ ಕಳಿಸಿದ್ದಾಳೆ, ಬೆಲೆ ನೋಡಿ ಗಾಬರಿಯಾಯಿತು. ನಾನಿರುವುದು ಬೆಂಗಳೂರಿನ ಪಿಜಿಯಲ್ಲಿ. ಬೆಳಿಗ್ಗೆ ಇಡ್ಲಿ ಅಥವಾ ದೋಸೆ, ಮಧ್ಯಾಹ್ನ ಮತ್ತು ರಾತ್ರಿ ಅನ್ನ ಸಾರು. ಇಡ್ಲಿ ಹಿಟ್ಟು ಹುಳಿ ಬಂದದ್ದೇ ಅಲ್ವಾ, ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಅದೇ ಸಾಲದಾ?

ಮೈಕ್ರೋ_ಮೇಷ್ಟ್ರು:
ಇಡ್ಲಿ ವಿಷಯ ಮೊದಲು ಹೇಳುತ್ತೇನೆ, ನನ್ನ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಾರೆ. ಹಿಟ್ಟು ಉಬ್ಬುವುದು ಮುಖ್ಯವಾಗಿ ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದಿಂದ. ಆದರೆ ಹಬೆಯಲ್ಲಿ ಬೆಂದಾಗ ಅದು ಸಾಯುತ್ತದೆ. ಇಡ್ಲಿ ಸುಲಭವಾಗಿ ಜೀರ್ಣವಾಗುವ ಒಳ್ಳೆಯ ತಿಂಡಿ, ಅದರಲ್ಲಿ ಎರಡು ಮಾತಿಲ್ಲ, ಆದರೆ ಜೀವಂತ ಬ್ಯಾಕ್ಟೀರಿಯಾ ಬೇಕು ಅಂದರೆ ಮೊಸರು, ಮಜ್ಜಿಗೆಯೇ ಬೇಕು. ಅದೂ ಕುದಿಸದೆ. ಮಜ್ಜಿಗೆ ಹುಳಿಯಲ್ಲಿ ರುಚಿ ಉಳಿಯುತ್ತದೆ, ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಮೊಸರನ್ನವನ್ನೂ ಅನ್ನ ಆರಿದ ಮೇಲೆ ಕಲಸಿ.

ಇನ್ನು ಮುಖ್ಯ ವಿಷಯ. ಎಲ್ಲರೂ ಹೊರಗಿನಿಂದ ಬ್ಯಾಕ್ಟೀರಿಯಾ ತಂದು ಹಾಕುವ ಬಗ್ಗೆ ಮಾತಾಡುತ್ತಾರೆ, ಒಳಗೆ ಈಗಾಗಲೇ ಇರುವುದಕ್ಕೆ ಊಟ ಹಾಕುವ ಬಗ್ಗೆ ಯಾರೂ ಯೋಚಿಸುವುದಿಲ್ಲ. ಆ್ಯಂಟಿಬಯಾಟಿಕ್ ಎಲ್ಲವನ್ನೂ ಕೊಂದಿರುವುದಿಲ್ಲ, ಉಳಿದವು ಮತ್ತೆ ಬೆಳೆಯುತ್ತವೆ, ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಅವುಗಳ ಊಟ ಯಾವುದು? ನಮಗೆ ಜೀರ್ಣವಾಗದೆ ದೊಡ್ಡ ಕರುಳಿನವರೆಗೆ ಹೋಗುವ ನಾರು. ಅದನ್ನು ತಿಂದು ಅವು ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ, ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನವೇ ಅದು. ನಿಮ್ಮ ಪಿಜಿ ಊಟದಲ್ಲಿ ಕಡಿಮೆ ಇರುವುದೂ ನಾರೇ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ.

ಕ್ಯಾಪ್ಸೂಲ್ ಬಗ್ಗೆ ಹೇಳುವುದಾದರೆ, ಇಸ್ರೇಲಿನ ವೈಝ್‌ಮನ್ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದಿದೆ. ಆ್ಯಂಟಿಬಯಾಟಿಕ್ ಆದ ಮೇಲೆ ಪ್ರೋಬಯಾಟಿಕ್ ತೆಗೆದುಕೊಂಡವರಲ್ಲಿ ಅವರ ಸ್ವಂತ ಬ್ಯಾಕ್ಟೀರಿಯಾ ಮರಳಿ ಬರುವುದು, ಏನೂ ತೆಗೆದುಕೊಳ್ಳದವರಿಗಿಂತ ತಡವಾಯಿತು. ಹಾಗಾಗಿ ನಾನಾಗಿದ್ದರೆ ಈಗ ಅದಕ್ಕೆ ದುಡ್ಡು ಹಾಕುತ್ತಿರಲಿಲ್ಲ.

ತುಮಕೂರು_ಗೆಳೆಯ:
ಮೇಷ್ಟ್ರೇ, ಒಂದು ಮಾತು. ನಮ್ಮ ತಂದೆಗೆ ಆ್ಯಂಟಿಬಯಾಟಿಕ್ ಕೊಡುವಾಗಲೇ ಡಾಕ್ಟರ್ ಪ್ರೋಬಯಾಟಿಕ್ ಕೂಡ ಬರೆದಿದ್ದರು, ಪ್ರತಿ ಸಲ ಆಗುತ್ತಿದ್ದ ಭೇದಿ ಆ ಸಲ ಆಗಲಿಲ್ಲ. ಸುಮ್ನೆ ಎಲ್ಲರಿಗೂ ಬೇಡ ಅನ್ನುವುದು ಸರಿಯಲ್ಲ.

ಮೈಕ್ರೋ_ಮೇಷ್ಟ್ರು:
ನೀವು ಹೇಳಿದ್ದು ಸರಿ, ಆದರೆ ಅದು ಬೇರೆ ಸಂದರ್ಭ. ಕೋರ್ಸ್ ನಡೆಯುವಾಗ ಕೆಲವು ಪ್ರೋಬಯಾಟಿಕ್‌ಗಳು ಭೇದಿ ತಡೆಯುತ್ತವೆ, ಅದಕ್ಕೆ ಒಳ್ಳೆಯ ಪುರಾವೆ ಇದೆ. ಡಾಕ್ಟರ್ ಬರೆದರೆ ಖಂಡಿತ ತೆಗೆದುಕೊಳ್ಳಿ. ಇವರ ಕೋರ್ಸ್ ಮುಗಿದಿದೆ, ಈಗ ಬೇಕಿರುವುದು ಮರಳಿ ಬೆಳೆಯುವುದು.

ಧಾರವಾಡದ_ಅಡುಗೆಮನೆ:
ತಂಗೀ, ಪಿಜಿಯಲ್ಲಿದ್ದರೂ ಮಾಡಬಹುದಾದ್ದು ಹೇಳುತ್ತೇನೆ ನೋಡು. ನಮ್ಮ ಕಡೆ ಊಟ ಅಂದರೆ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಹಸಿ ಈರುಳ್ಳಿ, ಅಗಸಿ ಚಟ್ನಿಪುಡಿ, ಗಟ್ಟಿ ಮೊಸರು. ಒಂದೇ ತಟ್ಟೆಯಲ್ಲಿ ಎಷ್ಟು ಥರದ ನಾರು ಬಂತು ಎಣಿಸಿ ನೋಡು. ಎಲ್ಲಾ ಬ್ಯಾಕ್ಟೀರಿಯಾ ಒಂದೇ ನಾರನ್ನು ತಿನ್ನುವುದಿಲ್ಲ, ಅದಕ್ಕೇ ಬಗೆಬಗೆಯದ್ದು ಬೇಕು. ಜನರ ಕರುಳಿನ ಬ್ಯಾಕ್ಟೀರಿಯಾ ಪರೀಕ್ಷಿಸಿದ ಅಮೆರಿಕನ್ ಗಟ್ ಪ್ರಾಜೆಕ್ಟ್ ಎಂಬ ಅಧ್ಯಯನದಲ್ಲಿ, ವಾರಕ್ಕೆ 30ಕ್ಕಿಂತ ಜಾಸ್ತಿ ಬಗೆಯ ಸಸ್ಯಾಹಾರ ತಿನ್ನುವವರ ಕರುಳಲ್ಲಿ, 10 ಕೂಡ ತಿನ್ನದವರಿಗಿಂತ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಕಂಡವು ಎಂದು ಓದಿದ್ದೇನೆ. 30 ಅಂದರೆ ಹೆದರಬೇಡ, ಸಾಸಿವೆ, ಜೀರಿಗೆ, ಕರಿಬೇವು, ಶೇಂಗಾ, ಎಳ್ಳು ಎಲ್ಲಾ ಲೆಕ್ಕಕ್ಕೆ ಬರುತ್ತವೆ.

ಚಟ್ನಿಪುಡಿ ಡಬ್ಬಿ ರೂಮಿನಲ್ಲಿ ಇಟ್ಟುಕೋ. ಹೆಸರುಕಾಳು ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಬರುತ್ತದೆ, ಬಿಸಿನೀರಲ್ಲಿ ಸ್ವಲ್ಪ ಬೇಯಿಸಿ ತಿನ್ನು. ಸಂಜೆ ಬಿಸ್ಕತ್ತಿನ ಬದಲು ಬಾಳೆಹಣ್ಣು, ಸೀಬೆಹಣ್ಣು. ಆದರೆ ಎಲ್ಲಾ ಒಂದೇ ದಿನ ಶುರು ಮಾಡಬೇಡ, ಗ್ಯಾಸ್ ಜಾಸ್ತಿಯಾಗಿ ಬಿಟ್ಟೇಬಿಡುತ್ತೀಯ. ಸ್ವಲ್ಪ ಸ್ವಲ್ಪವೇ ಹೆಚ್ಚಿಸು, ನೀರೂ ಜಾಸ್ತಿ ಕುಡಿ.

ರಾತ್ರಿಪಾಳಿ:
ಊಟದ ಮಾತೇ ಆಯಿತು, ನಿದ್ದೆ ನಡಿಗೆಯನ್ನು ಯಾರೂ ಎತ್ತಲಿಲ್ಲ. ಹೊತ್ತಲ್ಲದ ಹೊತ್ತಲ್ಲಿ ಊಟ ಮಾಡಿ ನಿದ್ದೆಗೆಟ್ಟರೆ ನನಗಂತೂ ಎಂಥ ಒಳ್ಳೆಯ ಊಟವೂ ಹಿಡಿಸುವುದಿಲ್ಲ. ವ್ಯಾಯಾಮದ ಬಗ್ಗೆ ಇಲಿನಾಯ್ ವಿಶ್ವವಿದ್ಯಾಲಯದವರು ಜನರನ್ನು 6 ವಾರ ವ್ಯಾಯಾಮ ಮಾಡಿಸಿ ನೋಡಿದ್ದಾರೆ, ಮೇಷ್ಟ್ರು ಹೇಳಿದ ಬ್ಯುಟಿರೇಟ್‌ನಂಥವು ತೆಳ್ಳಗಿದ್ದವರಲ್ಲಿ ಹೆಚ್ಚಾದವು, ವ್ಯಾಯಾಮ ಬಿಟ್ಟ ಮೇಲೆ ಮತ್ತೆ ಇಳಿದವು. ಅಂದರೆ ಬಿಡದೆ ಮಾಡಬೇಕು. ಇನ್ನೊಂದು, ಉಬ್ಬರ ಅಂತ ನೀವೇ ಅಂಗಡಿಯಿಂದ ಗ್ಯಾಸ್ ಮಾತ್ರೆ ತಂದು ದಿನಾ ನುಂಗಬೇಡಿ. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಆ ಮಾತ್ರೆಗಳೂ ಕರುಳಿನ ಬ್ಯಾಕ್ಟೀರಿಯಾ ಬದಲಿಸುತ್ತವೆ.

ಹಾಸನದವಳು:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಪೌಡರ್ ತಗೊಳ್ಳುವುದಿಲ್ಲ. ಅಮ್ಮ ರಾಗಿ ಹಿಟ್ಟು ಕಳಿಸಿದ್ದಾರೆ, ಇಂಡಕ್ಷನ್ ಸ್ಟವ್ ಇದೆ. ಅಂಬಲಿಯಲ್ಲಿ ಬ್ಯಾಕ್ಟೀರಿಯಾ ಉಳಿಯುತ್ತದಾ, ಅದನ್ನೂ ಕುದಿಸುತ್ತೇವಲ್ಲ?

ಮೈಕ್ರೋ_ಮೇಷ್ಟ್ರು:
ಕುದಿಸುವುದು ಹಿಟ್ಟನ್ನು. ಗಂಟಿಲ್ಲದಂತೆ ಕುದಿಸಿ, ಪೂರ್ತಿ ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ. ನಾರೂ ಸಿಗುತ್ತದೆ, ಜೀವಂತ ಬ್ಯಾಕ್ಟೀರಿಯಾವೂ ಸಿಗುತ್ತದೆ. ಮಜ್ಜಿಗೆ ಹೆಪ್ಪು ಹಾಕಿದ ಮೊಸರಿನದ್ದಾಗಿರಲಿ. ಆದರೆ ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ಅಥವಾ ದಿನಕ್ಕೆ ಹಲವು ಸಲ ನೀರಿನಂಥ ಭೇದಿ ಕಂಡರೆ ಅಂಬಲಿ ಕುಡಿದು ಕಾಯಬೇಡಿ. ಆ್ಯಂಟಿಬಯಾಟಿಕ್ ಆದ ಮೇಲೆ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಕರುಳಲ್ಲಿ ಬೆಳೆದು ಹೀಗಾಗಬಹುದು, ಕೂಡಲೇ ಡಾಕ್ಟರ್ ಹತ್ತಿರ ಹೋಗಿ, ಯಾವ ಮಾತ್ರೆ ತೆಗೆದುಕೊಂಡಿದ್ದಿರಿ ಎಂದೂ ಹೇಳಿ.